ತೈ ತಿಂಗಳ ಕೋರಿಕೆ

ಮೊದಲೆರಡು ಸಲ ಫೋನ್ ಬಂದಾಗ ಜಯಪ್ರಿಯಾ ಎತ್ತಲಿಲ್ಲ. ಕೆಲಸದ ನಡುವೆ ಮಯಿಲ್‌ಸಾಮಿ ಮಾಮನ ಫೋನ್ ಎತ್ತಿದರೆ ಅರ್ಧ ಗಂಟೆ ಕೈಬಿಟ್ಟಂತೆಯೇ. ಮೂರನೆಯ ಸಲವೂ ಅದೇ ಹೆಸರು ಕಂಡಾಗ ಎಲ್ಲೋ ಎಡವಟ್ಟಾಗಿದೆ ಎನಿಸಿ ಕಿವಿಗಿಟ್ಟಳು.

“ಅಮ್ಮಣಿ, ನಿನ್ನ ಸೈಟಿಗೆ ಪೈತ್ಯ ಏನಾದ್ರೂ ಹಿಡೀತಾ?” ಎಂದರು ಅವರು. “ರಾಮಾಯಿ ಮೊಮ್ಮಗನ್ಗೆ ಅವ್ನ ಪಂಗಾಳಿ ಮನೆ ಹುಡುಗಿ ಹತ್ರಿಂದ ರಿಕ್ವೆಸ್ಟ್ ಬಂದೈತೆ. ಅಣ್ಣ ತಂಗಿ ಆಗ್ಬೇಕು ಅವ್ರು. ಆ ಅಜ್ಜಿ ನಮ್ಮ ತಿಣ್ಣೆ ಮೇಲೆ ಕುಂತು ನನ್ನ ಹುಟ್ಟು ಜಾಲಾಡ್ತಾ ಔಳೆ.”

ಸೈಟು ಎಂದರೆ ನೇಕಾರ ಸಂಘದ ಮದುವೆ ವೆಬ್‌ಸೈಟು. ತಮಿಳು ಸೀಮೆಯ ಸಿರುಮುಗೈ, ಸೋಮನೂರು ಕಡೆಯ ಕನ್ನಡ ಮಾತಾಡುವ ನೇಕಾರ ಮನೆಗಳ ಗಂಡು ಹೆಣ್ಣುಗಳ ಹೆಸರು, ಫೋಟೊ, ಜಾತಕ ಎಲ್ಲ ಅದರಲ್ಲಿವೆ. ಬರಹ ಮಾತ್ರ ತಮಿಳು, ಏಕೆಂದರೆ ಮನೆಯೊಳಗೆ ಕನ್ನಡ ಆಡುವ ಆ ಜನರಲ್ಲಿ ಕನ್ನಡ ಓದಬಲ್ಲವರನ್ನು ಹುಡುಕಿ ಹಿಡಿಯಬೇಕು. ಮಯಿಲ್‌ಸಾಮಿ ಸಂಘದ ಕಾರ್ಯದರ್ಶಿ. ಮನೆಮನೆಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವ ವ್ಯಾಪಾರಿ. ಜಯಪ್ರಿಯಾ ತುಡಿಯಲೂರಿನಲ್ಲಿ ಪಂಪ್‌ಸೆಟ್ ಅಂಗಡಿಯ ಮೇಲಿರುವ ಎರಡು ಕೋಣೆಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸಕ್ಕಿರುವವಳು. ನಮ್ಮ ಹುಡುಗಿಯೇ ಇರುವಾಗ ಹೊರಗಿನವರು ಯಾಕೆ ಎಂದು ಸೈಟು ಕಟ್ಟುವ ಕೆಲಸವನ್ನು ಸಂಘ ಅವಳ ತಲೆಗೇ ಕಟ್ಟಿತ್ತು.

ಅವಳು ಪರದೆಯನ್ನು ನೋಡಿದಳು. ಆನ್ ಎಂದಿರಬೇಕಾದ ಕಡೆ ಆಫ್ ಎಂದಿತ್ತು.

ಆ ಸೈಟಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಕಳಿಸುವ ಪ್ರತಿ ಕೋರಿಕೆಯೂ ಕೆಲವು ಫಿಲ್ಟರುಗಳನ್ನು ದಾಟಿ ಹೋಗಬೇಕು. ಲಾಗಿನ್ ಆಗದೆ ನುಗ್ಗುವವನು ಒಂದರಲ್ಲಿ ನಿಲ್ಲುತ್ತಾನೆ. ಒಂದೇ ಉಸಿರಿಗೆ ಊರಿಗೆಲ್ಲ ಕಳಿಸುವ ಬ್ರೋಕರು ಇನ್ನೊಂದರಲ್ಲಿ ಸಿಕ್ಕಿಬೀಳುತ್ತಾನೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕುಲದ ಫಿಲ್ಟರು. ಒಂದೇ ಕುಲದೇವರ ಗುಡಿಯಲ್ಲಿ ತಲೆ ಬೋಳಿಸಿಕೊಂಡವರು ಪಂಗಾಳಿಗಳು, ಅಣ್ಣ ತಂಗಿಯರು. ಅವರ ನಡುವೆ ಮದುವೆಯ ಮಾತೇ ಏಳಬಾರದು. ಹಾಗಾಗಿ ಎರಡೂ ಕಡೆ ಒಂದೇ ಕುಲ ಕಂಡರೆ ಕೋರಿಕೆ ಮುಂದೆ ಹೋಗುವುದಿಲ್ಲ. ಈ ಫಿಲ್ಟರುಗಳನ್ನು ಹಾಕುವುದಕ್ಕೂ ತೆಗೆಯುವುದಕ್ಕೂ ಒಂದು ಸೆಟ್ಟಿಂಗ್ಸ್ ಫೈಲು. ಪ್ರತಿ ಫಿಲ್ಟರಿನ ಹೆಸರಿನ ಮುಂದೆ ಆನ್ ಅಥವಾ ಆಫ್ ಎಂದು ಬರೆದರೆ ಮುಗಿಯಿತು, ಪ್ರೋಗ್ರಾಮನ್ನು ಮುಟ್ಟಬೇಕಿಲ್ಲ. ಹೀಗೆ ಮಾಡಿದ್ದು ತನ್ನ ಜಾಣತನ ಎಂದು ಜಯಪ್ರಿಯಾ ಸ್ವಲ್ಪ ಬೀಗಿದ್ದೂ ಉಂಟು.

ಅವತ್ತು ಬೆಳಿಗ್ಗೆ ಬ್ರೋಕರುಗಳ ಫಿಲ್ಟರನ್ನು ಇನ್ನಷ್ಟು ಬಿಗಿ ಮಾಡುವ ಕೆಲಸವಿತ್ತು. ಅದನ್ನೊಂದನ್ನೇ ಪರೀಕ್ಷಿಸಲೆಂದು ಉಳಿದ ಫಿಲ್ಟರುಗಳಿಗೆ ಆಫ್ ಎಂದು ಬರೆದಳು. ಬರೆಯಬೇಕಾದದ್ದು ಪರೀಕ್ಷೆಗೆಂದು ಇಟ್ಟ ನಕಲು ಸೈಟಿನಲ್ಲಿ. ಬರೆದದ್ದು ಅಸಲಿನಲ್ಲಿ. ಪರದೆಯ ಮೇಲೆ ಎರಡು ಕಿಟಕಿಗಳು ಅಕ್ಕಪಕ್ಕ, ಎರಡರದೂ ಒಂದೇ ಮುಖ. ಅಷ್ಟೇ ನಡೆದದ್ದು.

ಈಗ ಆನ್ ಎಂದು ತಿದ್ದಿ ಉಳಿಸಿದಳು. ಹೋದದ್ದು ಹೋಗಿತ್ತು. ಸೈಟು ಶುರುವಾದಾಗಿನಿಂದ ಕುಲದ ಫಿಲ್ಟರಿನಲ್ಲಿ ತಡೆದು ನಿಂತಿದ್ದ ಕೋರಿಕೆಗಳೆಲ್ಲ ದಾರಿ ತೆರೆದ ಆ ಸ್ವಲ್ಪ ಹೊತ್ತಿನಲ್ಲಿ ಹೊರಟು ಅವರವರ ಫೋನು ಸೇರಿದ್ದವು. ಬೇರೆ ದಿನವಾಗಿದ್ದರೆ ಜನ ಮಗ್ಗದ ಮೇಲಿರುತ್ತಿದ್ದರು, ಫೋನು ಗೂಡಿನಲ್ಲಿರುತ್ತಿತ್ತು, ಸಂಜೆಯವರೆಗೆ ಉಸಿರಾಡಲು ಸಮಯ ಸಿಗುತ್ತಿತ್ತು. ಅವತ್ತು ತಮಿಳು ಲೆಕ್ಕದ ಆವಣಿ ತಿಂಗಳ ಅಮಾವಾಸ್ಯೆ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಎಲ್ಲರೂ ಮನೆಯಲ್ಲಿದ್ದರು, ಎಲ್ಲರ ಕೈಯಲ್ಲೂ ಫೋನಿತ್ತು.

“ಸೋಮನೂರು ವೆಲ್ಲಿಂಗಿರಿ ಮಗ್ಳಿಗೆ ಅವ್ಳ ಚಿಕ್ಕಪ್ಪನ ಮಗನೇ ಕಳ್ಸವ್ನೆ,” ಎಂದು ಮಾಮ ಮುಂದುವರಿಸಿದರು. “ಕೇಳಿದ್ರೆ ಓದ ವರ್ಸ ಸುಮ್ನೆ ಒತ್ತಿದ್ದೆ, ಫೋಟೊ ಚಿಕ್ಕದಾಗಿತ್ತು, ಗುರ್ತು ಸಿಕ್ಕಿಲ್ಲ ಅಂತಾನೆ.” ಬೇರೆ ದಿನವಾಗಿದ್ದರೆ ಇದಕ್ಕೆ ಇಬ್ಬರೂ ನಗುತ್ತಿದ್ದರು. ಮಾಮ ಸ್ವರ ತಗ್ಗಿಸಿದರು. “ಅಪ್ಪುರ ಇನ್ನೊಂದು ಮಾತು, ನಿಮ್ಮ ಮನೇದೂ ಒಂದೈತೆ ಅಮ್ಮಣಿ. ವಿನೋದಿನಿದು. ಪಾವು ಸುತ್ತೋ ಸತೀಶ್‌ಕುಮಾರ್‌ಗೆ ಓಗೈತೆ.”

ಜಯಪ್ರಿಯಾ ಪರದೆಯಲ್ಲಿ ಆ ಹೆಸರು ಹುಡುಕಿದಳು.

“ಅವ ಎಲ್ರಂಗೆ ಕೂಗಾಡ್ಲಿಲ್ಲ. ಮಾಮಾ, ಇದು ನಿಜವಾ ಅಂತ ಒಂದೇ ಮಾತು ಕೇಳ್ದ. ಏನೋ ಮೆಷಿನ್ ತಪ್ಪು ಇರ್ಬೇಕಪ್ಪಾ, ವಿಚಾರಿಸ್ತೀನಿ ಅಂದೆ. ಸಾಯಂಕಾಲ ಚೌಡಮ್ಮನ ಗುಡಿ ಪೂಜೆಗೆ ಎಲ್ರೂ ಒಂದೇ ಕಡೆ ಸೇರ್ತಾರೆ. ಅದಕ್ಕೆ ಮುಂಚೆ, ಯಾರ್‍ಯಾರಿಗೆ ಓಗೈತೋ ಅವ್ರಿಗೆಲ್ಲ ಒಂದು ಮೆಸೇಜ್ ಕಳ್ಸು. ತಪ್ಪಾಗಿ ಬಂತು, ಯಾರೂ ಕಳ್ಸಿಲ್ಲ, ಮರ್ತುಬಿಡಿ ಅಂತ. ಒಬ್ರನ್ನೂ ಬಿಡ್ಬೇಡ.”

ವಿನೋದಿನಿ ಜಯಪ್ರಿಯಾಳ ಅಕ್ಕ. ಮದುವೆಯಾದ ಎರಡನೇ ವರ್ಷ ಗಂಡ ಮೇಟ್ಟುಪಾಳಯಂ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋದ. ಕರ್ಮಾಂತರ ಮುಗಿದ ವಾರವೇ ಅತ್ತೆ ಮನೆಯವರು ಅವಳನ್ನೂ ಅವಳ ಬಟ್ಟೆಯ ಪೆಟ್ಟಿಗೆಯನ್ನೂ ಒಂದೇ ಆಟೋದಲ್ಲಿ ತವರಿಗೆ ಕಳಿಸಿದರು. ಅದಕ್ಕೆ ನಾಲ್ಕು ವರ್ಷವಾಯಿತು. ಸೈಟಿನಲ್ಲಿ ಅಕ್ಕನ ಹೆಸರು ಸೇರಿಸಿದ್ದು ಜಯಪ್ರಿಯಾಳೇ. ಕುಲ ಎಂಬಲ್ಲಿ ಏನು ಹಾಕಲಿ ಎಂದು ಕೇಳಿದಾಗ ಅವ್ವ ಲಕ್ಷ್ಮಿಯಮ್ಮಾಳ್ ಸೊಪ್ಪು ಬಿಡಿಸುತ್ತಾ, “ಕೊಟ್ಟಾಯ್ತಲ್ಲ, ಅವ್ರ ಕುಲಾನೇ ಹಾಕು,” ಎಂದಿದ್ದಳು. ಗಂಡನ ಕುಲ ಎಮ್ಮೇಲಾರು. ಹಾಗೇ ಹಾಕಿದಳು. ಸತೀಶ್‌ಕುಮಾರನೂ ಎಮ್ಮೇಲಾರು. ಹೆಸರು ಸೇರಿಸುವ ದಿನ ಅದು ಯಾರ ತಲೆಗೂ ಹೊಳೆಯಲಿಲ್ಲ.

ಸತೀಶ್‌ಕುಮಾರ್ ಎರಡು ಬೀದಿ ಆಚೆ ಇರುವವನು. ಸೀರೆಗೆ ಬೇಕಾದ ಉದ್ದದ ಎಳೆಗಳನ್ನು, ಅಂದರೆ ಪಾವನ್ನು, ಸುತ್ತಿ ಮನೆಮನೆಗೆ ಮುಟ್ಟಿಸುವುದು ಅವನ ಕಸುಬು. ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ವಯಸ್ಸು ದಾಟಿಸಿಕೊಂಡಿದ್ದ. ಅವನು ಪಾವು ತಂದಾಗ ಅಕ್ಕನೇ ಬಾಗಿಲಿಗೆ ಹೋಗಿ ಇಳಿಸಿಕೊಳ್ಳುತ್ತಿದ್ದಳು. ಬಣ್ಣದ ಬಗ್ಗೆ ಇಬ್ಬರೂ ಜಗಳವಾಡುತ್ತಿದ್ದರು. ಆ ಜಗಳ ಬೇಕಾದುದಕ್ಕಿಂತ ಉದ್ದವಾಗುತ್ತಿತ್ತು ಎಂದು ಜಯಪ್ರಿಯಾಳಿಗೆ ಈಗ ತೋರಿತು.

ಪೊಂಗಲ್ ಕಳೆದ ಮೇಲೆ, ತೈ ತಿಂಗಳಲ್ಲಿ, ಅಕ್ಕ ಸೈಟು ತೆರೆದಿಟ್ಟುಕೊಂಡು ಕೇಳಿದ್ದಳು, “ಕಳ್ಸಿದ್ರೆ ಓಯ್ತು ಅಂತ ಎಂಗೆ ಗೊತ್ತಾಗ್ತದೆ?”

“ಕಳ್ಸಾಯ್ತು ಅಂತ ಬರ್ತದೆ ಅಕ್ಕಾ.”

ತಡೆದು ನಿಲ್ಲಿಸಿದ ಕೋರಿಕೆಗೂ ಕಳಿಸಾಯಿತು ಎಂದೇ ಬರುತ್ತಿತ್ತು. ಅದು ಮಯಿಲ್‌ಸಾಮಿ ಮಾಮನ ಮರ್ಯಾದೆ. ಕುಲ ಕೂಡುವುದಿಲ್ಲ ಎಂದು ಹುಡುಗಿಯ ಮುಖಕ್ಕೆ ಬರೆದು ತೋರಿಸುವುದು ಬೇಡ, ಪಾಪ, ನಾಚಿಕೆಪಟ್ಟುಕೊಳ್ಳುತ್ತಾಳೆ, ಕೋರಿಕೆ ಅದರ ಪಾಡಿಗೆ ಒಳಗೆ ಬಿದ್ದಿರಲಿ ಎಂದು ಅವರೇ ಹೇಳಿದ್ದರು. ಒಳ್ಳೆಯ ಮಾತು ಎಂದು ಜಯಪ್ರಿಯಾ ಹಾಗೇ ಬರೆದಿದ್ದಳು.

ಅದಾದ ಒಂದೆರಡು ತಿಂಗಳಿಗೆ ಅಕ್ಕ ಇನ್ನೊಂದು ಮಾತು ಕೇಳಿದ್ದಳು. ಜಯಪ್ರಿಯಾ ಆಗ ಊಟ ಮಾಡುತ್ತಿದ್ದಳು. “ಪ್ರಿಯಾ, ಬ್ಯಾಡ ಅನ್ನೋರು ಅದರಲ್ಲಿ ಬ್ಯಾಡ ಅಂತ ಹೇಳ್ತಾರಾ, ಇಲ್ಲ ಸುಮ್ನೆ ಬಿಟ್ಬಿಡ್ತಾರಾ?” ಸಾರು ಕಲಸುತ್ತಾ ಜಯಪ್ರಿಯಾ, “ಸುಮ್ನೆ ಬಿಟ್ಬಿಡ್ತಾರೆ ಅಕ್ಕಾ, ಯಾರು ಹೇಳ್ತಾರೆ,” ಎಂದಿದ್ದಳು. ಆಮೇಲಿಂದ ಸತೀಶ್‌ಕುಮಾರ್ ಬಂದರೆ ಬಾಗಿಲಿಗೆ ಹೋಗುವವಳು ಅವ್ವ. ಅಕ್ಕನಿಗೆ ಬೆನ್ನುನೋವಿರಬೇಕು ಎಂದುಕೊಂಡು ಮನೆಯವರು ಎಣ್ಣೆ ತಂದುಕೊಟ್ಟಿದ್ದರು.

ನೆನಪಾಗುತ್ತಾ ಆಗುತ್ತಾ ಜಯಪ್ರಿಯಾಳಿಗೆ ಅಳು ಬಂತು. ಆಫೀಸಿನಲ್ಲಿ ಅಳುವುದಕ್ಕೆ ಜಾಗವಿಲ್ಲ. ಮೆಸೇಜನ್ನು ಫೋನಿನಲ್ಲಿ ಬರೆದಿಟ್ಟುಕೊಂಡು, ಕಳಿಸದೆ, ಅರ್ಧ ದಿನದ ರಜೆ ಕೇಳಿ ಬಸ್ಸು ಹತ್ತಿದಳು.

ಬಸ್ಸು ಕಾರಮಡೈ ದಾಟುವಾಗ ಮಾಮ ಮತ್ತೆ ಫೋನ್ ಮಾಡಿದರು. “ಇನ್ನೂ ಓಗಿಲ್ವಲ್ಲ ಮೆಸೇಜು?”

“ಮಾಮಾ, ಒಂದು ಮಾತು ಕೇಳ್ತೀನಿ. ನಮ್ಮಕ್ಕ ಯಾವ ಕುಲ?”

“ಇದೇನು ಕೇಳ್ವಿ? ಗಂಡನ ಕುಲ.”

“ಆ ಮನೆಯವ್ರು ಪೆಟ್ಟಿಗೆ ಜೊತೆ ಕಳ್ಸಿದ್ರಲ್ಲ, ಆಗ ಯಾವ ಕುಲಕ್ಕೆ ಕಳ್ಸಿದ್ರು? ನಮ್ಮಪ್ಪನ ಕುಲ ಹಾಕಿದ್ರೆ ಫಿಲ್ಟರು ಅವಳನ್ನ ತಡೀತಾನೇ ಇರ್ಲಿಲ್ಲ. ನಾನು ಒಂದು ಪದ ಟೈಪ್ ಮಾಡಿದ್ದಕ್ಕೆ ಅವಳು ಏಳು ತಿಂಗಳು ಬಾಯಿ ಮುಚ್ಕೊಂಡು ಕುಂತವ್ಳೆ.”

ಮಾಮ ಕೆಟ್ಟವರಲ್ಲ. ಮಾತು ಕೊಟ್ಟು ಸಿಕ್ಕಿಹಾಕಿಕೊಂಡವರು. “ನೋಡು ಅಮ್ಮಣಿ, ಈ ಸೈಟು ಬ್ಯಾಡ ಅಂತ ದೊಡ್ಡೋರೆಲ್ಲ ಎದ್ದು ನಿಂತಿದ್ರು. ಕುಲ ಕಲೆಯಲ್ಲ, ನಾನು ಜವಾಬ್ದಾರಿ ಅಂತ ಗುಡಿಲಿ ನಿಂತು ಹೇಳ್ದೆ. ಆ ಮಾತ ನಂಬಿ ಹೆಣ್ಮಕ್ಕಳ ಫೋಟೊ ಕೊಟ್ಟವ್ರೆ. ಓಗಿ ಬಂದ ಹೆಣ್ಣು ಯಾವ ಕುಲ ಅಂತ ನಾನೊಬ್ಬ ಬಸ್ಸಲ್ಲಿರೋಳಿಗೆ ಫೋನಲ್ಲಿ ತೀರ್ಪು ಹೇಳಕ್ಕಾಗಲ್ಲ. ಅದನ್ನ ಸಂಘದ ಕೂಟದಲ್ಲಿ ಕೇಳಣ. ಈಗ ಮೆಸೇಜ್ ಕಳ್ಸು.”

ಕೂಟದಲ್ಲಿ ಕೇಳಿದರೆ ಮುಂದಿನ ತೈ ಬರುತ್ತದೆ ಎಂದು ಹೇಳಬೇಕೆನಿಸಿತು. ದೊಡ್ಡವರು ಎಂದು ನಾಲಿಗೆ ಕಚ್ಚಿಕೊಂಡಳು.

ಮನೆಯಲ್ಲಿ ಅಕ್ಕ ಮಗ್ಗವನ್ನು ಒರೆಸುತ್ತಿದ್ದಳು. ಅಮಾವಾಸ್ಯೆ ಎಂದರೆ ಮಗ್ಗಕ್ಕೆ ಸ್ನಾನ. ಮರಕ್ಕೆ ಅರಿಸಿನ ಕುಂಕುಮ ಹಚ್ಚಿ ಸಾಂಬ್ರಾಣಿ ತೋರಿಸಬೇಕು. ಅವ್ವ ಪಡಸಾಲೆಯಲ್ಲಿ ಸಂಜೆಯ ಪೂಜೆಗೆ ಹೂ ಕಟ್ಟುತ್ತಿದ್ದಳು. ಅವರಿಬ್ಬರಿಗೂ ಒಂದೇ ಫೋನು, ಅದು ಚಾರ್ಜಿಗೆ ಬಿದ್ದಿತ್ತು. ಬೀದಿಯಲ್ಲೆಲ್ಲ ಗುಲ್ಲೆದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ.

“ಏನು ಇಷ್ಟು ಬೇಗ? ಮೈ ಸರಿಯಿಲ್ವಾ?” ಎಂದಳು ಅಕ್ಕ.

ಜಯಪ್ರಿಯಾ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ಉಪಯೋಗಕ್ಕೆ ಬರಲಿಲ್ಲ. “ಅಕ್ಕಾ, ತೈಲಿ ನೀ ಸತೀಶಣ್ಣಂಗೆ ಕಳ್ಸಿದ್ದು ಓಗ್ಲೇ ಇಲ್ಲ,” ಎಂದುಬಿಟ್ಟಳು. “ನಿಂದೂ ಅವ್ರದೂ ಒಂದೇ ಕುಲ ಅಂತ ಫಿಲ್ಟರು ತಡೀತು. ಆ ಫಿಲ್ಟರ್ ಬರ್ದಿದ್ದು ನಾನು. ನಿನ್ನ ಕುಲ ಹಾಕಿದ್ದೂ ನಾನೇ. ಇವತ್ತು ಕೈತಪ್ಪಿ ಆಫ್ ಮಾಡ್ಬಿಟ್ಟೆ, ಆಗ ಓಯ್ತು. ಅವ್ರಿಗೆ ಇವತ್ತು ಬೆಳಿಗ್ಗೆನೇ ಗೊತ್ತಾಗಿದ್ದು.”

ಅಕ್ಕನ ಕೈ ಮಗ್ಗದ ಮರದ ಮೇಲೆಯೇ ನಿಂತಿತು. ಪಡಸಾಲೆಯಲ್ಲಿ ಅವ್ವನ ನೂಲು ನಿಂತಿತು.

“ಹಂಗಂದ್ರೆ,” ಎಂದಳು ಅಕ್ಕ ನಿಧಾನವಾಗಿ, “ಅವ್ರು ಬ್ಯಾಡ ಅನ್ಲಿಲ್ಲ.”

“ಏನೂ ಅನ್ಲಿಲ್ಲ ಅಕ್ಕಾ. ಅವ್ರಿಗೆ ಬಂದೇ ಇಲ್ಲ.”

ಅಕ್ಕ ನಗುತ್ತಾಳೆ ಎಂದುಕೊಂಡಿದ್ದಳು ಜಯಪ್ರಿಯಾ, ಇಲ್ಲವೇ ಅಳುತ್ತಾಳೆ. ಅಕ್ಕನಿಗೆ ಬಂದದ್ದು ಸಿಟ್ಟು. “ಐದಾರು ತಿಂಗಳು ಆ ಮನುಷ್ಯನ ಕಣ್ಣಿಗೆ ಬೀಳ್ದಂಗೆ ಈ ಮಗ್ಗದ ಹಿಂದೆ ಕುಂತಿವ್ನಿ ಪ್ರಿಯಾ. ನೀರು ಕೇಳಿದ್ರೆ ಅವ್ವನ ಕೈಲಿ ಕೊಟ್ಟು ಕಳ್ಸಿವ್ನಿ. ಏನು ತಪ್ಪು ಮಾಡ್ದೆ ಅಂತ ಅವ್ರು ಎಷ್ಟು ಯೋಚ್ನೆ ಮಾಡಿರ್ಬೇಕು. ನಿಂಗೆ ಬ್ಯಾಡ ಅಂತ ಒಂದು ಪದ ಬರಿಯೋಕೆ ಆಗ್ಲಿಲ್ವಾ? ಓಗಲ್ಲ ಅಂತ ಬಂದಿದ್ರೆ ಓಗಲ್ಲ ಅಂತ ತಿಳ್ಕೊಂತಿದ್ದೆ. ಕಳ್ಸಾಯ್ತು ಅಂತ ಯಾಕೆ ಸುಳ್ಳು ಹೇಳ್ತು ಅದು?”

ನೀನು ನಾಚಿಕೆಪಟ್ಟುಕೊಳ್ಳಬಾರದೆಂದೇ ಹಾಗೆ ಬರೆದದ್ದು ಎನ್ನಲು ಜಯಪ್ರಿಯಾಳಿಗೆ ಬಾಯಿ ಬರಲಿಲ್ಲ. ಅಕ್ಕನ ಕಾಲು ಹಿಡಿದುಕೊಳ್ಳಬೇಕೆನಿಸಿತು.

ಅವ್ವ ಹೂವಿನ ಬುಟ್ಟಿ ಸರಿಸಿ ಎದ್ದು ಬಂದಳು. “ಅವ ಎಮ್ಮೇಲಾರು ವಿನೋ. ನಿನ್ನ ಗಂಡಂಗೆ ಪಂಗಾಳಿ. ನಿಂಗೆ ಮೈದುನ ಆಗ್ಬೇಕು.”

“ಅವ್ರು ತೀರ್ಕೊಂಡ್ಮೇಲೆ ನಾಲ್ಕು ಪೊಂಗಲ್ ಆಯ್ತು ಅವ್ವಾ,” ಎಂದಳು ಅಕ್ಕ. “ಎಮ್ಮೇಲಾರು ಒಬ್ರೂ ಈ ಬಾಗ್ಲಿಗೆ ಬಂದು ಬದುಕಿದ್ದೀಯಾ ಅಂತ ಕೇಳಿಲ್ಲ. ನನ್ನ ತಡಿಯೋಕೆ ಮಾತ್ರ ಅವ್ರ ಕುಲ ಬಂತಾ?”

ಆ ಕುಲ ಹಾಕಿಸಿದವಳು ತಾನೇ ಎಂಬುದು ಅವ್ವನಿಗೂ ನೆನಪಿದ್ದಿರಬೇಕು. ಮಗಳ ಮುಖ ನೋಡಲಾರದೆ ಬಾಗಿಲ ಕಡೆ ತಿರುಗಿದಳು.

ಜಯಪ್ರಿಯಾ ಮೆಸೇಜಿನ ವಿಷಯ ಹೇಳಿದಳು. ಮಾಮ ಹೇಳಿದ್ದು, ಸಂಜೆಯೊಳಗೆ ಎಂದದ್ದು, ಒಬ್ಬರನ್ನೂ ಬಿಡಬೇಡ ಎಂದದ್ದು. ಆಮೇಲೆ ಹತ್ತಿರ ಬಂದು ಸ್ವರ ಇಳಿಸಿದಳು. “ನಾನು ಸತೀಶಣ್ಣಂಗೆ ಮಾತ್ರ ಕಳ್ಸಲ್ಲ ಅಕ್ಕಾ. ಮಾಮಂಗೆ ಗೊತ್ತಾಗಲ್ಲ. ನಿಂದು ಹಂಗೇ ಉಳೀತದೆ.”

“ಹಂಗೆ ಮಾಡಿದ್ರೆ ಅವ್ರು ಏನು ಅಂತ ತಿಳ್ಕೊಂತಾರೆ? ಗುಡಿಲಿ ಎಲ್ರೂ ನಂಗೂ ತಪ್ಪಾಗಿ ಬಂತು, ನಂಗೂ ತಪ್ಪಾಗಿ ಬಂತು ಅಂತಾರೆ. ಅವ್ರು ಫೋನ್ ನೋಡ್ಕೊಂಡು, ಇದು ನಿಜವೋ ತಪ್ಪೋ ಅಂತ ಇನ್ನೊಂದ್ಸಲ ಮಯಿಲ್‌ಸಾಮಿ ಮಾಮನ್ನ ಕೇಳ್ಬೇಕಾ?” ಅಕ್ಕ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. “ಕಳ್ಸು. ಅವ್ರಿಗೂ ಕಳ್ಸು.”

“ಅಕ್ಕಾ, ಕುಲಾನಾದ್ರೂ ಬದ್ಲಾಯಿಸ್ತೀನಿ. ಅಪ್ಪನ ಕುಲ ಹಾಕಿದ್ರೆ ಫಿಲ್ಟರ್ ಆನಲ್ಲೇ ಇರ್ತದೆ, ನಿಂದು ತಾನಾಗೇ ಓಗ್ತದೆ. ಇನ್ನೊಂದ್ಸಲ ಕಳ್ಸು.”

“ಅದ್ರೊಳಗಿಂದ ಇನ್ನೊಂದ್ಸಲ ನಾನು ಕಳ್ಸಲ್ಲ,” ಎಂದಳು ಅಕ್ಕ.

ಅಲ್ಲಿಗೆ ಮುಗಿಯಿತು ಎಂದುಕೊಂಡಳು ಜಯಪ್ರಿಯಾ. ಅಕ್ಕನ ಬದುಕಿನಲ್ಲಿ ಒಂದೇ ಒಂದು ಸಲ ತೆರೆದದ್ದನ್ನು ತಾನೇ ಮುಚ್ಚಿ, ತಾನೇ ಕೈತಪ್ಪಿ ತೆರೆದು, ಈಗ ತನ್ನ ಕೈಯಿಂದಲೇ ಮತ್ತೆ ಮುಚ್ಚುತ್ತಿದ್ದೇನೆ ಎಂದು ದುಃಖ ಒತ್ತರಿಸಿ ಬಂತು. ಆದರೂ ಅಕ್ಕ ಹೇಳಿದ ಮೇಲೆ ಹೇಳಿದ್ದೇ. ಬರೆದಿಟ್ಟ ಮೆಸೇಜನ್ನು ತೆರೆದು, ಯಾರನ್ನೂ ಬಿಡದೆ, ಕಳಿಸಿದಳು. ಪಕ್ಕದ ಮನೆಯಲ್ಲಿ ಯಾರದೋ ಫೋನು ಟಿಂಗ್ ಎಂದಿತು.

ಅಕ್ಕ ಬಚ್ಚಲಿಗೆ ಹೋಗಿ ಕೈಯ ಅರಿಸಿನ ತೊಳೆದುಕೊಂಡು ಬಂದಳು. ಗೋಡೆಯ ಹತ್ತಿರ ಚಾರ್ಜಿಗಿದ್ದ ಫೋನನ್ನು ಬಿಡಿಸಿ, ನಂಬರು ಹುಡುಕದೆ, ಬೆರಳಿನಿಂದ ಒತ್ತಿದಳು. ಬಾಯಿಪಾಠ ಬರುತ್ತಿತ್ತು.

“ಯಾರ್ಗೆ?” ಎಂದಳು ಅವ್ವ. ಅಕ್ಕ ಆಗಲೇ ಫೋನನ್ನು ಕಿವಿಗಿಟ್ಟಿದ್ದಳು.

ಮನೆಯ ಫೋನಿನ ಗಂಟಲು ದೊಡ್ಡದು, ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತದೆ. ಆ ಕಡೆ ಎತ್ತಿದ ಕೂಡಲೇ ಮಾತಿಗಿಂತ ಮೊದಲು ಮೆಷಿನುಗಳ ಸದ್ದು ಬಂತು. ಮಗ್ಗಗಳಿಗೆ ರಜೆ ಇದ್ದರೂ ನಾಳೆ ಬೆಳಿಗ್ಗೆ ಅವಕ್ಕೆ ಏರಿಸಬೇಕಾದ ಪಾವು ಇವತ್ತೇ ಸುತ್ತಿ ಮುಗಿಯಬೇಕು. ಅಷ್ಟು ಗದ್ದಲದ ನಡುವೆ ಸತೀಶ್‌ಕುಮಾರ್ ತಮಿಳಿನಲ್ಲಿ ಕೂಗಿದ, ಯಾರು, ಏನೂ ಕೇಳಿಸುತ್ತಿಲ್ಲ ಎಂದು.

“ವಿನೋದಿನಿ ಮಾತಾಡ್ತೀನಿ,” ಎಂದಳು ಅಕ್ಕ. ಅವಳೂ ಸ್ವರ ಏರಿಸಬೇಕಾಯಿತು. ಬೀದಿಗೂ ಕೇಳಿಸಿರಬೇಕು, ಅವಳು ಲೆಕ್ಕಿಸಲಿಲ್ಲ. “ಈಗ ಒಂದು ಮೆಸೇಜ್ ಬಂತಲ್ಲ ನಿಮ್ಗೆ. ಬೆಳಿಗ್ಗೆದು ತಪ್ಪಾಗಿ ಬಂತು ಅಂತ.”

“ಬಂತು. ಓದ್ದೆ,” ಎಂದ ಅವನು.

“ತಪ್ಪಾಗಿ ಬರ್ಲಿಲ್ಲ ಅದು. ತಡವಾಗಿ ಬಂತು. ನಾನು ತೈಲೇ ಕೇಳಿದ್ದೆ.”

ಆ ಕಡೆ ಮೆಷಿನುಗಳು ಗಡಗಡ ಎನ್ನುತ್ತಲೇ ಇದ್ದವು. ಅವನಿಗೆ ಕೇಳಿಸಿತೋ ಇಲ್ಲವೋ ಜಯಪ್ರಿಯಾಳಿಗೆ ತಿಳಿಯಲಿಲ್ಲ. ಅವ್ವ ಕೈಯಲ್ಲಿ ಹಿಡಿದ ಹೂವನ್ನು ಎಲ್ಲಿಡುವುದೆಂದು ತೋಚದೆ ಹಾಗೇ ಹಿಡಿದು ನಿಂತಿದ್ದಳು.

ಆಮೇಲೆ ಒಂದು ಮೆಷಿನು ನಿಂತಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದು. ಅವನು ಒಂದೊಂದರ ಹತ್ತಿರ ನಡೆದು ಹೋಗಿ ಸ್ವಿಚ್ಚು ಇಳಿಸುತ್ತಿದ್ದಾನೆ ಎಂದು ಚಪ್ಪಲಿಯ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಕೊನೆಯದೂ ನಿಂತ ಮೇಲೆ ಫೋನಿನಲ್ಲಿ ಅವನ ಉಸಿರೊಂದೇ ಉಳಿಯಿತು.

“ಈಗ ಕೇಳ್ತದೆ,” ಎಂದ ಸತೀಶ್‌ಕುಮಾರ್, ಮನೆಯ ಮಾತಿನಲ್ಲಿ. “ಇನ್ನೊಂದ್ಸಲ ಹೇಳಿ.”

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಒರೆಸಿದ ಮಗ್ಗದ ಹಲಗೆಯ ಮೇಲೆ ಮೆಲ್ಲನೆ ಕುಳಿತಳು.